ಕಾಲ ಮೀರಿದ ಪ್ಯಾಕೇಜುಗಳು: ಇರಿಸತಕ್ಕವು ಯಾವುವು, ತೆಗೆಯತಕ್ಕವು ಯಾವುವು?

ಲಿನಕ್ಸ್ ಗಣಕಯಂತ್ರವನ್ನು ಬಳಸುವವರಿಗೆ ಹೊಸ ತಂತ್ರಾಂಶವನ್ನು ಹಾಕಿಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಹೆಸರು ಹೇಳಿದರೆ ಸಾಕು. ಯಂತ್ರವೇ ಅದನ್ನು ತರಿಸಿ, ಬಿಚ್ಚಿ, ತಕ್ಕ ಸ್ಥಳದಲ್ಲಿ ಇರಿಸಿ ಕೊಡುತ್ತದೆ. ಆದರೆ ಹಾಕಿದ್ದು ಹಳತಾದ ಮೇಲೆ ಅದನ್ನೇನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಏಳೆಂಟು ವರ್ಷ ಒಂದೇ ಯಂತ್ರವನ್ನು ಆವೃತ್ತಿಯಿಂದ ಆವೃತ್ತಿಗೆ ಏರಿಸುತ್ತ ಬಂದವರು ಅದರೊಳಗಿನ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿದರೆ, ಯಾವಾಗ ಬಂದವೋ ಯಾರಿಗಾಗಿ ಬಂದವೋ ತಿಳಿಯದ ಹತ್ತಾರು ಹೆಸರುಗಳು ಅಲ್ಲಿ ಕಾಣಸಿಗುತ್ತವೆ.

ಇಂಥಲ್ಲಿ ಎರಡು ಬಗೆಯ ಜನರನ್ನು ನಾವು ನೋಡುತ್ತೇವೆ. ಒಬ್ಬರು ಹಳೆಯದೆಲ್ಲ ಕಸವೆಂದು ಗುಡಿಸಿಹಾಕುವವರು. ಅವರ ಯಂತ್ರ ಮರುದಿನ ಮುದ್ರಣ ಮಾಡುವುದಿಲ್ಲ, ಇಲ್ಲವೇ ಪರದೆಯೇ ಏಳುವುದಿಲ್ಲ. ಇನ್ನೊಬ್ಬರು ಏನನ್ನೂ ಮುಟ್ಟದವರು. ಅವರ ಯಂತ್ರದಲ್ಲಿ ಯಾರೂ ದುರಸ್ತಿ ಮಾಡದ ಹಳೆಯ ಭಾಗಗಳು ಕಳ್ಳನಿಗೆ ತೆರೆದ ಹಿತ್ತಿಲ ಬಾಗಿಲಿನಂತೆ ಉಳಿದುಬಿಡುತ್ತವೆ. ಈ ಎರಡಕ್ಕೂ ನಡುವೆ ಒಂದು ವಿವೇಕದ ದಾರಿಯುಂಟು. ಅದನ್ನು ಕ್ರಮವಾಗಿ ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ. ಉದಾಹರಣೆಗೆ ನಾವು ಡೆಬಿಯನ್ ಎಂಬ ಲಿನಕ್ಸ್ ಬಗೆಯನ್ನು ಆರಿಸಿಕೊಂಡಿದ್ದೇವೆ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಯ ಪದ್ಧತಿಯನ್ನೇ ಉಬುಂಟು, ಮಿಂಟ್ ಮೊದಲಾದವು ಅನುಸರಿಸುವುದರಿಂದ, ಇಲ್ಲಿ ಹೇಳಿದ್ದು ಬಹುಮಂದಿ ವಾಚಕರಿಗೆ ಹಾಗೆಯೇ ಅನ್ವಯಿಸುತ್ತದೆ.

೧. ಪ್ಯಾಕೇಜು ಎಂದರೇನು?

ಒಂದು ತಂತ್ರಾಂಶದ ಕಡತಗಳನ್ನೆಲ್ಲ ಒಂದು ಗಂಟಾಗಿ ಕಟ್ಟಿ, ಮೇಲೆ ಒಂದು ಚೀಟಿ ಅಂಟಿಸಿದರೆ ಅದು ಪ್ಯಾಕೇಜು. ಗಂಟಿಗಿಂತಲೂ ಈ ಚೀಟಿಯೇ ನಮಗೆ ಇಲ್ಲಿ ಮುಖ್ಯ. ಅದರಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿಯ ಸಂಖ್ಯೆ ಇವುಗಳ ಜೊತೆಗೆ ಬೇರೆ ಪ್ಯಾಕೇಜುಗಳೊಡನೆ ಅದಕ್ಕಿರುವ ಸಂಬಂಧವೂ ಬರೆದಿರುತ್ತದೆ. ‘ಡಿಪೆಂಡ್ಸ್’ ಎಂದರೆ ಇಂಥದಿಲ್ಲದೆ ನಾನು ನಡೆಯಲಾರೆ ಎಂದು ಅರ್ಥ. ‘ಪ್ರೊವೈಡ್ಸ್’ ಎಂದರೆ ಇಂಥ ಹೆಸರಿನವರ ಕೆಲಸವನ್ನು ನಾನೂ ಮಾಡಬಲ್ಲೆ ಎಂದು. ‘ಬ್ರೇಕ್ಸ್’ ಎಂದರೆ ನಾನು ಬಂದರೆ ಇಂಥದು ಕೆಡುತ್ತದೆ ಎಂದು. ‘ರೀಪ್ಲೇಸಸ್’ ಎಂದರೆ ಇಂಥದರ ಕಡತಗಳ ಮೇಲೆ ನನ್ನ ಕಡತಗಳನ್ನು ಬರೆಯಲು ನನಗೆ ಅಧಿಕಾರವುಂಟು ಎಂದು.

ಗಂಟನ್ನು ಬಿಚ್ಚಿ ಇರಿಸುವ ಕೆಲಸ ‘ಡಿಪಿಕೆಜಿ’ ಎಂಬ ಸಾಧನದ್ದು. ಚೀಟಿಗಳನ್ನು ಓದಿ, ಬೇಕಾದ ಇತರ ಗಂಟುಗಳನ್ನೂ ಭಂಡಾರದಿಂದ ತರಿಸುವುದು ‘ಆಪ್ಟ್’ ಎಂಬ ಸಾಧನದ ಕೆಲಸ. ೧೯೯೯ರ ಮಾರ್ಚಿಯಲ್ಲಿ ಹೊರಬಂದ ಡೆಬಿಯನ್ ೨.೧ರೊಡನೆ ಆಪ್ಟ್ ಬಳಕೆಗೆ ಬಂದಿತು. ಅದು ಇನ್ನೊಂದು ಲೆಕ್ಕವನ್ನೂ ಇಡುತ್ತದೆ: ಯಾವ ಪ್ಯಾಕೇಜನ್ನು ನಾವೇ ಕೇಳಿ ಹಾಕಿಸಿಕೊಂಡೆವು, ಯಾವುದು ಇನ್ನೊಂದರ ಬೆನ್ನಿಗೆ ಬಂದಿತು ಎಂಬ ಗುರುತು. ಮೊದಲನೆಯದಕ್ಕೆ ‘ಮ್ಯಾನುಯಲ್’, ಎರಡನೆಯದಕ್ಕೆ ‘ಆಟೋ’ ಎಂದು ಹೆಸರು. ಈ ಗುರುತನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮುಂದೆ ಬರುವ ಅಪಾಯಗಳಲ್ಲಿ ಅರ್ಧಕ್ಕರ್ಧ ಇದನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

೨. ಹಳತಾಗುವ ನಾಲ್ಕು ಬಗೆ

‘ಹಳೆಯದು’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಇವನ್ನು ಬಿಡಿಸಿಕೊಳ್ಳದೆ ಕೈಹಾಕಿದರೆ ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ವಿಷವಾಗುತ್ತದೆ.

(ಅ) ಅನಾಥ ಪ್ಯಾಕೇಜು: ಇನ್ನೊಂದರ ಬೆನ್ನಿಗೆ ಬಂದು, ಆ ಇನ್ನೊಂದು ಹೋದಮೇಲೆ ಯಾರಿಗೂ ಬೇಡವಾಗಿ ಉಳಿದದ್ದು. ಇದು ಭಂಡಾರದಲ್ಲಿ ಈಗಲೂ ಇರಬಹುದು, ಹೊಸದೇ ಇರಬಹುದು. ನಮ್ಮ ಯಂತ್ರದಲ್ಲಿ ಮಾತ್ರ ಕೆಲಸವಿಲ್ಲ.

(ಆ) ಬಳಕೆ ತಪ್ಪಿದ ಪ್ಯಾಕೇಜು: ನಮ್ಮ ಯಂತ್ರದಲ್ಲಿದೆ, ಭಂಡಾರದಲ್ಲಿ ಇಲ್ಲ. ಅದನ್ನು ನೋಡಿಕೊಳ್ಳುವವರು ಬಿಟ್ಟುಬಿಟ್ಟಿದ್ದಾರೆ, ಇಲ್ಲವೇ ಅದರ ಸ್ಥಾನಕ್ಕೆ ಬೇರೊಂದು ಬಂದಿದೆ. ಇನ್ನು ಮುಂದೆ ಇದಕ್ಕೆ ದುರಸ್ತಿ ಬರುವುದಿಲ್ಲ.

(ಇ) ಸಂಕ್ರಮಣ ಪ್ಯಾಕೇಜು: ಹೆಸರು ಬದಲಾದಾಗ ಹಳೆಯ ಹೆಸರಿನಲ್ಲಿ ಉಳಿಸಿದ ಖಾಲಿ ಗಂಟು. ಒಳಗೆ ಹುರುಳಿಲ್ಲ, ಹೊಸ ಹೆಸರನ್ನು ತೋರಿಸುವ ಚೀಟಿ ಮಾತ್ರ ಇದೆ.

(ಈ) ಹೊಂದಾಣಿಕೆಯ ಪ್ಯಾಕೇಜು: ಹಳೆಯ ತಂತ್ರಾಂಶ ಓಡಬೇಕೆಂದು ಬೇಕೆಂತಲೇ ಉಳಿಸಿಕೊಂಡ ಹಳೆಯ ಭಾಗ. ಇದರೊಳಗೆ ನಿಜವಾದ ಹುರುಳೂ ಇದೆ, ನಿಜವಾದ ಅಪಾಯವೂ ಇದೆ.

ಮೊದಲ ಎರಡರ ವಿಚಾರವನ್ನು ವಿಧಾನ ಹೇಳುವಾಗ ನೋಡೋಣ. ಕೊನೆಯ ಎರಡಕ್ಕೆ ಸ್ವಲ್ಪ ವಿಸ್ತಾರ ಬೇಕು.

೩. ಹೆಸರು ಬದಲಾದಾಗ

ಒಳ್ಳೆಯ ವಾಚನಾಲಯದ ಕಾರ್ಡು ಪಟ್ಟಿಯಲ್ಲಿ ‘ಮೈಸೂರು ರಾಜ್ಯ’ ಎಂಬ ಕಾರ್ಡನ್ನು ಹುಡುಕಿದರೆ ಅಲ್ಲಿ ಪುಸ್ತಕದ ವಿವರವಿರುವುದಿಲ್ಲ. ‘ಕರ್ನಾಟಕ – ನೋಡಿ’ ಎಂದು ಬರೆದಿರುತ್ತದೆ. ೧೯೭೩ರ ನವೆಂಬರ್ ೧ರಂದು ರಾಜ್ಯದ ಹೆಸರು ಬದಲಾಯಿತು. ಆದರೆ ಹಳೆಯ ಹೆಸರಿನಿಂದ ಹುಡುಕುವವರು ಬರಿಗೈಯಲ್ಲಿ ಹಿಂದಿರುಗಬಾರದಷ್ಟೆ. ಸಂಕ್ರಮಣ ಪ್ಯಾಕೇಜು ಮಾಡುವುದು ಅಕ್ಷರಶಃ ಈ ‘ನೋಡಿ’ ಕಾರ್ಡಿನ ಕೆಲಸ. ಹಳೆಯ ಹೆಸರನ್ನು ಹೊತ್ತುಕೊಂಡು, ಡಿಪೆಂಡ್ಸ್ ಎಂಬಲ್ಲಿ ಹೊಸ ಹೆಸರನ್ನು ಬರೆದುಕೊಂಡು ಅದು ಕುಳಿತಿರುತ್ತದೆ. ಯಂತ್ರವನ್ನು ಅಪ್‌ಗ್ರೇಡ್ ಮಾಡಿದಾಗ ಹಳೆಯ ಹೆಸರಿನ ಹೊಸ ಆವೃತ್ತಿಯೆಂದು ಈ ಖಾಲಿ ಗಂಟು ಬರುತ್ತದೆ; ಅದು ತನ್ನ ಬೆನ್ನಿಗೆ ನಿಜವಾದ ಹೊಸ ಪ್ಯಾಕೇಜನ್ನು ಎಳೆದು ತರುತ್ತದೆ.

ಇದಕ್ಕೆ ‘ಗಿಟ್’ ಎಂಬ ತಂತ್ರಾಂಶದ ಕಥೆ ಒಳ್ಳೆಯ ಉದಾಹರಣೆ. ಲಿನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ಇದನ್ನು ರಚಿಸಿದಾಗ ಡೆಬಿಯನ್ ಭಂಡಾರದಲ್ಲಿ ‘ಗಿಟ್’ ಎಂಬ ಹೆಸರು ಆಗಲೇ ಬೇರೊಬ್ಬರದಾಗಿತ್ತು. ಗ್ನೂ ಯೋಜನೆಯ ‘ಇಂಟರಾಕ್ಟಿವ್ ಟೂಲ್ಸ್’ ಎಂಬ ಕಡತ ನೋಡುವ ಸಾಧನ ಆ ಹೆಸರನ್ನು ಹೊಂದಿತ್ತು. ಆದುದರಿಂದ ಹೊಸಬನು ‘ಗಿಟ್-ಕೋರ್’ ಎಂಬ ಹೆಸರಿನಲ್ಲಿ ಒಳಬರಬೇಕಾಯಿತು. ಕಾಲಕ್ರಮದಲ್ಲಿ ಹೊಸಬನೇ ಲೋಕಪ್ರಸಿದ್ಧನಾದ. ಆಗ ಹಳೆಯ ಸಾಧನವು ಬೇರೆ ಹೆಸರಿಗೆ ಸರಿದು ಸ್ಥಳ ಬಿಟ್ಟುಕೊಟ್ಟಿತು, ಗಿಟ್ ತನ್ನ ಸ್ವಂತ ಹೆಸರನ್ನು ಪಡೆಯಿತು. ‘ಗಿಟ್-ಕೋರ್’ ಎಂಬುದು ಖಾಲಿ ಸಂಕ್ರಮಣ ಪ್ಯಾಕೇಜಾಗಿ ಉಳಿಯಿತು. ಕನ್ನಡದ ಅಕ್ಷರ ರೂಪಗಳ ವಿಷಯದಲ್ಲಿಯೂ ಹೆಸರಿನ ಬದಲಾವಣೆ ನಡೆದಿದೆ. ಹಿಂದೆ ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂದಿದ್ದ ಹೆಸರಿನ ಸ್ಥಾನದಲ್ಲಿ ಈಗ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಹೆಸರಿದೆ. ಇದರ ಬೆನ್ನಿಗೆ ಲೋಹಿತ್, ನವಿಲು, ಗುಬ್ಬಿ ಎಂಬ ಕನ್ನಡ ಫಾಂಟುಗಳು ಬರುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಂಕ್ರಮಣ ಪ್ಯಾಕೇಜು ಖಾಲಿಯೆಂದು ತಿಳಿದು ನಾವು ಅದನ್ನು ತೆಗೆದೆವೆಂದು ಇಟ್ಟುಕೊಳ್ಳೋಣ. ನಿಜವಾದ ಪ್ಯಾಕೇಜು ಅದರ ಬೆನ್ನಿಗೆ ಬಂದದ್ದಾದರೆ ಅದರ ಮೇಲೆ ‘ಆಟೋ’ ಎಂಬ ಗುರುತಿರುವ ಸಂಭವವುಂಟು. ಈಗ ಅದನ್ನು ಬೇಡುವವರು ಯಾರೂ ಇಲ್ಲ. ಮುಂದಿನ ಸಲ ‘ಆಟೋರಿಮೂವ್’ ಎಂದು ಗುಡಿಸಿದಾಗ ನಮಗೆ ನಿತ್ಯವೂ ಬೇಕಾದ ತಂತ್ರಾಂಶವೇ ಕಸದೊಡನೆ ಹೊರಟುಹೋಗುತ್ತದೆ. ಆಪ್ಟ್ ಸಾಧನವು ಅಪ್‌ಗ್ರೇಡ್ ಸಮಯದಲ್ಲಿ ಹಳೆಯದರ ಗುರುತನ್ನು ಹೊಸದಕ್ಕೆ ದಾಟಿಸಲು ತಾನಾಗಿಯೇ ಯತ್ನಿಸುತ್ತದೆ. ಆದರೂ ಅದನ್ನೇ ನೆಚ್ಚಿ ಕೂರುವುದು ಸಲ್ಲದು. ಮೊದಲು ನಿಜವಾದ ಪ್ಯಾಕೇಜಿಗೆ ‘ಆಪ್ಟ್-ಮಾರ್ಕ್ ಮ್ಯಾನುಯಲ್’ ಎಂಬ ಆಜ್ಞೆಯಿಂದ ಗುರುತು ಹಾಕಿ, ಆಮೇಲೆ ಖಾಲಿ ಗಂಟನ್ನು ತೆಗೆಯುವುದು ಕ್ಷೇಮ.

ರೆಡ್ ಹ್ಯಾಟ್ ಮತ್ತು ಫೆಡೋರಾ ಪರಂಪರೆಯಲ್ಲಿ ಖಾಲಿ ಗಂಟಿನ ಬದಲು ಬೇರೆ ಉಪಾಯವಿದೆ. ಅಲ್ಲಿ ಹೊಸ ಪ್ಯಾಕೇಜಿನ ಚೀಟಿಯಲ್ಲಿಯೇ ‘ಅಬ್ಸೊಲೀಟ್ಸ್’ ಎಂಬ ಸಾಲನ್ನು ಬರೆಯುತ್ತಾರೆ: ಇಂಥ ಹೆಸರಿನ, ಇಂಥ ಆವೃತ್ತಿಗಿಂತ ಹಿಂದಿನದನ್ನು ನಾನು ತೆರವು ಮಾಡುತ್ತೇನೆ ಎಂದು. ಜೊತೆಗೆ ಪ್ರೊವೈಡ್ಸ್ ಸಾಲಿನಲ್ಲಿ ಹಳೆಯ ಹೆಸರನ್ನೂ ಹೊತ್ತುಕೊಳ್ಳುತ್ತಾರೆ. ಸ್ಥಾನಕ್ಕೆ ಬರುವವರು ಯಾರೂ ಇಲ್ಲದೆ ಸತ್ತುಹೋದ ಪ್ಯಾಕೇಜು ಅಪ್‌ಗ್ರೇಡಿಗೆ ಅಡ್ಡಿಯಾಗಬಹುದಲ್ಲ. ಅಂಥವುಗಳಿಗಾಗಿ ಫೆಡೋರಾದಲ್ಲಿ ‘ಫೆಡೋರಾ-ಅಬ್ಸೊಲೀಟ್-ಪ್ಯಾಕೇಜಸ್’ ಎಂಬ ಒಂದು ವಿಚಿತ್ರ ಪ್ಯಾಕೇಜುಂಟು. ಅದರಲ್ಲಿ ತಂತ್ರಾಂಶವೇನೂ ಇಲ್ಲ. ತೆರವು ಮಾಡತಕ್ಕ ಹೆಸರುಗಳ ಪಟ್ಟಿ ಮಾತ್ರ ಇದೆ.

೪. ಹೊಂದಾಣಿಕೆಯ ಪ್ಯಾಕೇಜು

ಗಣಕದ ಭಾಷೆಯಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೆಲಸಗಳ ಕಟ್ಟು. ತಂತ್ರಾಂಶಕ್ಕೂ ಲೈಬ್ರರಿಗೂ ನಡುವೆ ಒಂದು ಕರಾರು ಇರುತ್ತದೆ: ಇಂಥ ಕೆಲಸವನ್ನು ಇಂಥ ಹೆಸರಿನಿಂದ ಕರೆದರೆ, ಇಷ್ಟು ಉದ್ದದ ಅಂಕಿಯನ್ನು ಕೊಟ್ಟರೆ, ಇಂಥ ಉತ್ತರ ಬರುತ್ತದೆ ಎಂದು. ಈ ಕರಾರು ಮುರಿದಾಗ ಲೈಬ್ರರಿಯ ಕಡತದ ಹೆಸರಿನ ಕೊನೆಯ ಸಂಖ್ಯೆಯನ್ನು ಬದಲಿಸುವುದು ಸಂಪ್ರದಾಯ. ಹಳೆಯ ಸಂಖ್ಯೆಯದೂ ಹೊಸ ಸಂಖ್ಯೆಯದೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಇರಬಲ್ಲವು. ಹೊಸ ತಂತ್ರಾಂಶವು ಹೊಸದನ್ನು, ಹಳೆಯದು ಹಳೆಯದನ್ನು ಕರೆದುಕೊಳ್ಳುತ್ತದೆ. ಹೊಂದಾಣಿಕೆಯ ಪ್ಯಾಕೇಜಿನ ಮೂಲತತ್ತ್ವ ಇಷ್ಟೇ.

ಡೆಬಿಯನ್ನಿನ ಚರಿತ್ರೆಯಲ್ಲಿ ಇಂಥ ದೊಡ್ಡ ದಾಟುಗಳು ಹಲವು ಆಗಿವೆ. ಅವುಗಳ ಗುರುತು ಪ್ಯಾಕೇಜಿನ ಹೆಸರುಗಳಲ್ಲಿ, ಊರ ಹೆಸರಿನಲ್ಲಿ ಹಳೆಯ ಕಾಲ ಉಳಿದಂತೆ, ಉಳಿದುಕೊಂಡಿದೆ. ೧೯೯೮ರ ಜುಲೈಯಲ್ಲಿ ಬಂದ ಡೆಬಿಯನ್ ೨.೦ರಲ್ಲಿ ಮೂಲ ಸಿ ಲೈಬ್ರರಿಯೇ ಐದನೆಯದರಿಂದ ಆರನೆಯದಕ್ಕೆ, ಎಂದರೆ ‘ಗ್ಲಿಬ್‌ಸಿ’ಗೆ ಬದಲಾಯಿತು. ಹೊಸದಕ್ಕೆ ಹೊಂದಿಸಿ ಕಟ್ಟಿದ ಲೈಬ್ರರಿಗಳ ಹೆಸರಿಗೆ ‘ಜಿ’ ಅಕ್ಷರವನ್ನು ಸೇರಿಸಿದರು. ಹಳೆಯವನ್ನು ‘ಓಲ್ಡ್‌ಲಿಬ್ಸ್’ ಎಂಬ ವಿಭಾಗಕ್ಕೆ ಸರಿಸಿದರು. ಅಂದಿನ ದಾಟಿನ ಗುರುತಾಗಿ ‘ಜೆಡ್‌ಲಿಬ್೧ಜಿ’ ಎಂಬ ಹೆಸರು ಇಂದಿಗೂ ಪ್ರತಿಯೊಂದು ಡೆಬಿಯನ್ ಯಂತ್ರದಲ್ಲಿ ಕಾಣಸಿಗುತ್ತದೆ. ೨೦೧೫ರಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯ ಕರಾರು ಬದಲಾದಾಗ ಅನೇಕ ಲೈಬ್ರರಿಗಳ ಹೆಸರಿಗೆ ‘ವಿ೫’ ಎಂಬ ಬಾಲ ಬಂದಿತು.

ತೀರ ಈಚಿನ ದಾಟು ಕಾಲದ ಎಣಿಕೆಗೆ ಸಂಬಂಧಿಸಿದ್ದು. ಈ ಯಂತ್ರಗಳು ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ತಿಳಿಯುತ್ತವೆ. ಹಳೆಯ ಪದ್ಧತಿಯಲ್ಲಿ ಆ ಎಣಿಕೆಗೆ ೩೨ ಬಿಟ್ಟುಗಳ ಸ್ಥಳ ಮಾತ್ರ ಇತ್ತು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ೨೧೪,೭೪,೮೩,೬೪೭. ೨೦೩೮ರ ಜನವರಿ ೧೯ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ೮ ಗಂಟೆ ೪೪ ಮಿನಿಟು ೭ ಸೆಕೆಂಡಿಗೆ ಆ ಪಾತ್ರೆ ತುಂಬುತ್ತದೆ. ಮುಂದಿನ ಸೆಕೆಂಡಿಗೆ ಎಣಿಕೆ ಹಿಂದಕ್ಕೆ, ೧೯೦೧ಕ್ಕೆ ಜಿಗಿಯುತ್ತದೆ. ಇದನ್ನು ತಪ್ಪಿಸಲು ಎಣಿಕೆಯ ಸ್ಥಳವನ್ನು ೬೪ ಬಿಟ್ಟಿಗೆ ಹಿಗ್ಗಿಸಿದರು. ಆದರೆ ಸ್ಥಳದ ಉದ್ದ ಬದಲಾದರೆ ಕರಾರು ಮುರಿಯಿತೆಂದೇ ಅರ್ಥ. ಆದುದರಿಂದ ೨೦೨೪ರಲ್ಲಿ ಸಾವಿರಕ್ಕೂ ಮಿಕ್ಕ ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ ‘ಟಿ೬೪’ ಎಂಬ ಬಾಲ ಸೇರಿತು. ಉಬುಂಟು ೨೪.೦೪ರಲ್ಲಿಯೂ, ೨೦೨೫ರ ಆಗಸ್ಟ್ ೯ರಂದು ಬಂದ ಡೆಬಿಯನ್ ೧೩ರಲ್ಲಿಯೂ ಈ ಹೆಸರುಗಳನ್ನು ಕಾಣಬಹುದು.

ಈ ದಾಟಿನಲ್ಲಿ ಕಲಿಯತಕ್ಕ ಎರಡು ಸೂಕ್ಷ್ಮಗಳಿವೆ. ಮೊದಲನೆಯದು: ೬೪ ಬಿಟ್ಟಿನ ಸಾಮಾನ್ಯ ಯಂತ್ರಗಳಲ್ಲಿ ಎಣಿಕೆಯು ಮೊದಲೇ ೬೪ ಬಿಟ್ಟಿನದಾಗಿತ್ತು, ಅಲ್ಲಿ ಹೆಸರು ಬದಲಾಯಿತೇ ಹೊರತು ಕರಾರು ಮುರಿಯಲಿಲ್ಲ. ಆದುದರಿಂದ ಅಲ್ಲಿ ಹೊಸ ಪ್ಯಾಕೇಜು ಪ್ರೊವೈಡ್ಸ್ ಸಾಲಿನಲ್ಲಿ ಹಳೆಯ ಹೆಸರನ್ನೂ ಹೊತ್ತಿದೆ, ಹಳೆಯ ತಂತ್ರಾಂಶ ನಿರಾತಂಕವಾಗಿ ನಡೆಯುತ್ತದೆ. ಎರಡನೆಯದು: ೩೨ ಬಿಟ್ಟಿನ ಹಳೆಯ ಇಂಟೆಲ್ ಬಗೆಗೆ ಡೆಬಿಯನ್ ಈ ಬದಲಾವಣೆಯನ್ನು ಬೇಕೆಂತಲೇ ಮಾಡಲಿಲ್ಲ. ಕಾರಣವೇನೆಂದರೆ, ಆ ಬಗೆ ಇಂದು ಉಳಿದಿರುವುದೇ ಹಿಂದೆ ಕಟ್ಟಿದ, ಮತ್ತೆ ಕಟ್ಟಲಾಗದ ತಂತ್ರಾಂಶಗಳನ್ನು ಓಡಿಸುವುದಕ್ಕಾಗಿ. ಕರಾರನ್ನು ಬದಲಿಸಿದರೆ ಅದು ಇರುವ ಉದ್ದೇಶವೇ ಕೆಟ್ಟಂತಾಗುತ್ತದೆ. ಹೊಂದಾಣಿಕೆ ಯಾರಿಗೆ, ಎಷ್ಟು ಕಾಲ ಎಂದು ಕೇಳಿಕೊಂಡು ತೀರ್ಮಾನಿಸುವ ರೀತಿ ಇದು.

೫. ಹೊಂದಾಣಿಕೆಯ ಬೆಲೆ

ಹಳೆಯದನ್ನು ಉಳಿಸಿಕೊಳ್ಳುವುದು ಉಚಿತವಲ್ಲ. ಜಾಲದ ಸಂಭಾಷಣೆಯನ್ನು ಗುಪ್ತಲಿಪಿಗೆ ತಿರುಗಿಸುವ ‘ಓಪನ್ ಎಸ್‌ಎಸ್‌ಎಲ್’ ಲೈಬ್ರರಿಯನ್ನು ನೋಡಿ. ಬ್ಯಾಂಕಿನ ವ್ಯವಹಾರ, ಅಂಚೆ, ಗುಪ್ತಪದ ಎಲ್ಲವೂ ಇಂಥದರ ಕೈಯಿಂದ ಹಾದುಹೋಗುತ್ತವೆ. ೨೦೧೪ರ ಏಪ್ರಿಲಿನಲ್ಲಿ ಇದರ ೧.೦.೧ರ ಸಾಲಿನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂದಿತು. ದೂರದಲ್ಲಿ ಕುಳಿತವನು ಒಂದೊಂದು ಸಲಕ್ಕೆ ೬೪ ಕಿಲೋಬೈಟಿನವರೆಗೆ ಎದುರಿನ ಯಂತ್ರದ ನೆನಪನ್ನು ಓದಿಕೊಳ್ಳಬಹುದಾಗಿತ್ತು. ಅದರಲ್ಲಿ ಗುಪ್ತಪದಗಳೂ ಬೀಗದ ಕೈಗಳೂ ಸಿಗುವ ಸಂಭವವಿತ್ತು. ದುರಸ್ತಿಯಾದ ಆವೃತ್ತಿಯನ್ನು ಆ ದಿನವೇ ಹೊರತಂದರು. ಭಂಡಾರದೊಡನೆ ಸಂಬಂಧವಿದ್ದ ಯಂತ್ರಗಳಿಗೆ ಅದು ತಲುಪಿತು. ಸಂಬಂಧ ಕಡಿದುಕೊಂಡು ಬಿಡಿಯಾಗಿ ಇರಿಸಿಕೊಂಡ ಪ್ರತಿಗಳಿಗೆ ಅದನ್ನು ತಲುಪಿಸುವವರು ಯಾರು?

ಇದೇ ಲೈಬ್ರರಿಯ ಮೂರನೆಯ ಸಾಲು ೨೦೨೧ರ ಸೆಪ್ಟೆಂಬರಿನಲ್ಲಿ ಬಂದಿತು. ಅದರ ಹಿಂದಿನ ೧.೧.೧ರ ಸಾರ್ವಜನಿಕ ಆರೈಕೆ ೨೦೨೩ರ ಸೆಪ್ಟೆಂಬರ್ ೧೧ಕ್ಕೆ ಮುಗಿಯಿತು. ಉಬುಂಟು ೨೨.೦೪ರಲ್ಲಿ, ಡೆಬಿಯನ್ ೧೨ರಲ್ಲಿ ಹಳೆಯದು ಇಲ್ಲ. ಹೊಸ ಯಂತ್ರದಲ್ಲಿ ಯಾವುದೋ ಹಳೆಯ ತಂತ್ರಾಂಶ ‘೧.೧ ಬೇಕು’ ಎಂದು ಹಟ ಹಿಡಿದಾಗ, ಹಿಂದಿನ ಆವೃತ್ತಿಯ ಭಂಡಾರದಿಂದ ಆ ಒಂದು ಗಂಟನ್ನು ಕೈಯಾರೆ ಇಳಿಸಿ ಹಾಕುವುದು ಅನೇಕರ ಅಭ್ಯಾಸ. ತಂತ್ರಾಂಶ ಓಡುತ್ತದೆ, ಸಮಾಧಾನವಾಗುತ್ತದೆ. ಆದರೆ ಹಾಗೆ ಹಾಕಿದ ಗಂಟಿಗೆ ಭಂಡಾರದ ಸಂಬಂಧವಿಲ್ಲ. ನಾವು ಪ್ರತಿದಿನ ಅಪ್‌ಡೇಟ್ ಮಾಡಿದರೂ ಅದು ಹಾಕಿದ ದಿನದಲ್ಲಿಯೇ ನಿಂತಿರುತ್ತದೆ.

ರೆಡ್ ಹ್ಯಾಟ್ ತನ್ನ ಒಂಬತ್ತನೆಯ ಆವೃತ್ತಿಯಲ್ಲಿ ‘ಕಂಪ್ಯಾಟ್-ಓಪನ್‌ಎಸ್‌ಎಸ್‌ಎಲ್೧೧’ ಎಂಬ ಹೆಸರಿನಲ್ಲಿ ಹಳೆಯದನ್ನು ತಾನೇ ಕೊಡುತ್ತದೆ. ಎರಡಕ್ಕೂ ವ್ಯತ್ಯಾಸ ದೊಡ್ಡದು: ಒಂದಕ್ಕೆ ಹೊಣೆ ಹೊತ್ತವರಿದ್ದಾರೆ, ಇನ್ನೊಂದಕ್ಕೆ ಇಲ್ಲ. ಹೊಂದಾಣಿಕೆಯ ಪ್ಯಾಕೇಜು ಬೇಕೇ ಬೇಕಾದರೆ, ಹೊಣೆ ಹೊತ್ತವರಿಂದ ಪಡೆಯತಕ್ಕದ್ದು.

ಕೊನೆಗಾಲವನ್ನು ಮುಂಚಿತವಾಗಿ ಸಾರಿ, ನಿಧಾನವಾಗಿ ದಾಟಿಸಿದ್ದಕ್ಕೆ ಪೈಥಾನ್ ಭಾಷೆಯ ಎರಡನೆಯ ಆವೃತ್ತಿ ಉದಾಹರಣೆ. ಅದರ ಆರೈಕೆ ೨೦೨೦ರ ಜನವರಿ ೧ಕ್ಕೆ ಮುಗಿಯಿತು. ‘ಪೈಥಾನ್’ ಎಂದು ಬರಿದೆ ಕರೆದರೆ ಎರಡೋ ಮೂರೋ ಎಂಬ ಗೊಂದಲಕ್ಕೆ ೨೦೨೧ರ ಡೆಬಿಯನ್ ೧೧ ಒಂದು ಜಾಣ ಉಪಾಯ ಮಾಡಿತು. ‘ಪೈಥಾನ್-ಈಸ್-ಪೈಥಾನ್೨’ ಮತ್ತು ‘ಪೈಥಾನ್-ಈಸ್-ಪೈಥಾನ್೩’ ಎಂಬ ಎರಡು ಪುಟ್ಟ ಪ್ಯಾಕೇಜುಗಳನ್ನಿಟ್ಟು, ಆಯ್ಕೆಯನ್ನು ಬಳಸುವವರ ಕೈಗೇ ಕೊಟ್ಟಿತು. ೨೦೨೩ರ ಡೆಬಿಯನ್ ೧೨ರಲ್ಲಿ ಎರಡನೆಯ ಪೈಥಾನನ್ನು ಬಿಟ್ಟೇಬಿಟ್ಟರು.

೬. ತೆಗೆಯುವ ವಿಧಾನ

ಈಗ ಕೈಕೆಲಸಕ್ಕೆ ಬರೋಣ. ಕೆಳಗಿನ ಮೆಟ್ಟಿಲುಗಳನ್ನು ಒಂದನ್ನೂ ಹಾರದೆ ಏರಬೇಕು.

ಮೊದಲನೆಯದಾಗಿ, ನಮ್ಮ ಸ್ವಂತ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡತಕ್ಕದ್ದು. ‘ಡಿಪಿಕೆಜಿ’ ಸಾಧನದಿಂದ ಯಂತ್ರದಲ್ಲಿರುವ ಪ್ಯಾಕೇಜುಗಳ ಪಟ್ಟಿಯನ್ನೂ, ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ ಆಜ್ಞೆಯಿಂದ ನಾವೇ ಕೇಳಿ ಹಾಕಿಸಿದವುಗಳ ಪಟ್ಟಿಯನ್ನೂ ಒಂದು ಕಡತಕ್ಕೆ ಬರೆದಿಟ್ಟುಕೊಳ್ಳಬೇಕು. ಮುಂದೆ ಎಡವಿದರೆ ಹಿಂದಿರುಗುವ ದಾರಿ ಇದೇ.

ಎರಡನೆಯದಾಗಿ, ಭಂಡಾರದ ಸೂಚಿಯನ್ನು ಹೊಸದು ಮಾಡಿಕೊಂಡು ಬಳಕೆ ತಪ್ಪಿದವುಗಳ ಪಟ್ಟಿಯನ್ನು ಕೇಳಬೇಕು. ‘ಆಪ್ಟ್ ಲಿಸ್ಟ್’ ಎಂಬ ಆಜ್ಞೆಯ ಮುಂದೆ ಉದ್ಧರಣ ಚಿಹ್ನೆಗಳೊಳಗೆ ಅಲೆಯಂಥ ಗೆರೆಯನ್ನೂ ಇಂಗ್ಲಿಷಿನ ‘ಓ’ ಅಕ್ಷರವನ್ನೂ ಕೊಟ್ಟರೆ, ಯಂತ್ರದಲ್ಲಿದ್ದು ಭಂಡಾರದಲ್ಲಿ ಇಲ್ಲದವು ಸಾಲಾಗಿ ಬರುತ್ತವೆ. ಈ ಪಟ್ಟಿಯಲ್ಲಿರುವುದೆಲ್ಲ ಕಸವೆಂದು ತಿಳಿಯಕೂಡದು. ಪ್ರಿಂಟರ್ ತಯಾರಕರಿಂದ ನೇರವಾಗಿ ತಂದು ಹಾಕಿದ ಡ್ರೈವರ್ ಕೂಡ ಭಂಡಾರದಲ್ಲಿಲ್ಲದ ಕಾರಣ ಇದೇ ಪಟ್ಟಿಯಲ್ಲಿ ಕುಳಿತಿರುತ್ತದೆ.

ಮೂರನೆಯದಾಗಿ, ಪ್ರತಿಯೊಂದು ಹೆಸರಿಗೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಎಲ್ಲಿಂದ ಬಂದಿತು? ‘ಆಪ್ಟ್ ಪಾಲಿಸಿ’ ಹೇಳುತ್ತದೆ. ಇದು ಯಾರಿಗೆ ಬೇಕು? ‘ಆಪ್ಟ್ ಆರ್‌ಡಿಪೆಂಡ್ಸ್’ ಎಂಬುದು, ‘ಇನ್‌ಸ್ಟಾಲ್ಡ್’ ಎಂಬ ಸೂಚನೆಯೊಡನೆ, ಹೇಳುತ್ತದೆ. ಇದರ ಸ್ಥಾನಕ್ಕೆ ಬಂದದ್ದು ಯಾವುದು? ಆವೃತ್ತಿಯೊಡನೆ ಪ್ರಕಟವಾಗುವ ಟಿಪ್ಪಣಿಯಲ್ಲಿ ನೋಡಬೇಕು. ಮೂರಕ್ಕೂ ಉತ್ತರ ಸಿಕ್ಕದ ಹೊರತು ಕೈಯಿಡಬಾರದು. ಇನ್ನೊಂದು ಮಾತು: ಭಂಡಾರದ ಹೊರಗೆ ನಾವೇ ಇಳಿಸಿ ಬಿಚ್ಚಿದ ತಂತ್ರಾಂಶಕ್ಕೆ ಯಾವ ಲೈಬ್ರರಿ ಬೇಕೆಂಬುದು ಆಪ್ಟ್ ಸಾಧನಕ್ಕೆ ತಿಳಿಯದು. ಅದು ‘ಯಾರಿಗೂ ಬೇಡ’ ಎಂದರೆ ‘ನನಗೆ ತಿಳಿದ ಯಾರಿಗೂ ಬೇಡ’ ಎಂದಷ್ಟೇ ಅರ್ಥ.

ನಾಲ್ಕನೆಯದಾಗಿ, ತೆಗೆಯುವ ಮುನ್ನ ತೆಗೆದಂತೆ ನಟಿಸಿ ನೋಡಬೇಕು. ‘ಆಪ್ಟ್-ಗೆಟ್’ ಆಜ್ಞೆಗೆ ‘ಸಿಮ್ಯುಲೇಟ್’ ಎಂಬ ಸೂಚನೆ ಕೊಟ್ಟರೆ ಅದು ಏನನ್ನೂ ಮುಟ್ಟದೆ, ಏನೇನು ಹೋಗುತ್ತದೆಂಬ ಪಟ್ಟಿಯನ್ನು ಮಾತ್ರ ಓದಿ ಹೇಳುತ್ತದೆ. ಒಂದನ್ನು ತೆಗೆಯಹೋದರೆ ಇಪ್ಪತ್ತು ಹೋಗುತ್ತವೆಂದು ಕಂಡರೆ ಅಲ್ಲಿಯೇ ನಿಲ್ಲತಕ್ಕದ್ದು. ೨೦೨೧ರ ನವೆಂಬರಿನಲ್ಲಿ ಲೋಕವೆಲ್ಲ ನೋಡಿದ ಒಂದು ವಿಡಿಯೋ ಇದಕ್ಕೆ ಸಾಕ್ಷಿ. ಉಬುಂಟು ಆಧಾರದ ‘ಪಾಪ್ ಓಎಸ್’ ಯಂತ್ರದಲ್ಲಿ ‘ಸ್ಟೀಮ್’ ಎಂಬ ಆಟದ ತಂತ್ರಾಂಶವನ್ನು ಹಾಕಹೊರಟಾಗ, ಆ ಹೊತ್ತಿನ ಒಂದು ಅವಲಂಬನೆಯ ತೊಡಕಿನಿಂದ, ಇಡೀ ಡೆಸ್ಕ್‌ಟಾಪ್ ತೆಗೆದುಹಾಕುವ ಪಟ್ಟಿ ಪರದೆಯ ಮೇಲೆ ಬಂದಿತು. ‘ಯೆಸ್, ಡೂ ಆ್ಯಸ್ ಐ ಸೇ’ ಎಂದು ಪೂರ್ತಿ ಬರೆದರೆ ಮಾತ್ರ ಮುಂದುವರಿಯುತ್ತೇನೆ ಎಂದು ಯಂತ್ರ ಎಚ್ಚರಿಸಿತು. ಬಳಸಿದವರು ಹಾಗೆಯೇ ಬರೆದರು. ಯಂತ್ರವೂ ಹೇಳಿದಂತೆಯೇ ಮಾಡಿತು. ಪಟ್ಟಿಯನ್ನು ಓದುವುದಕ್ಕೆ ಬೇಕಾಗುತ್ತಿದ್ದುದು ಒಂದು ನಿಮಿಷ ಮಾತ್ರ.

ಐದನೆಯದಾಗಿ, ಒಂದೊಂದನ್ನೇ ತೆಗೆಯಬೇಕು. ತೆಗೆದ ಮೇಲೆ ನಿತ್ಯದ ಕೆಲಸಗಳನ್ನು ಮಾಡಿ ನೋಡಬೇಕು. ಜಾಲ ಬರುತ್ತದೆಯೇ, ಕನ್ನಡದ ಒಂದು ಪುಟ ಸರಿಯಾಗಿ ಕಾಣುತ್ತದೆಯೇ, ಮುದ್ರಣವಾಗುತ್ತದೆಯೇ? ‘ರಿಮೂವ್’ ಎಂದರೆ ತಂತ್ರಾಂಶ ಹೋಗುತ್ತದೆ, ಅದರ ವ್ಯವಸ್ಥೆಯ ಕಡತಗಳು ಉಳಿಯುತ್ತವೆ. ‘ಪರ್ಜ್’ ಎಂದರೆ ಅವೂ ಹೋಗುತ್ತವೆ. ಮೊದಲು ರಿಮೂವ್ ಮಾಡಿ, ಕೆಲವು ದಿನ ತೊಂದರೆಯಿಲ್ಲವೆಂದು ಕಂಡ ಮೇಲೆ ಪರ್ಜ್ ಮಾಡುವುದು ಉಚಿತ.

ಕೊನೆಯದಾಗಿ ‘ಆಟೋರಿಮೂವ್’. ಅನಾಥ ಪ್ಯಾಕೇಜುಗಳಿಗೆ ಇದೇ ಮದ್ದು. ಆದರೂ ಅದು ಕೊಡುವ ಪಟ್ಟಿಯನ್ನು ಓದಿ, ನಮಗೆ ಬೇಕಾದ ಹೆಸರು ಕಂಡರೆ ಮ್ಯಾನುಯಲ್ ಗುರುತು ಹಾಕಿಯೇ ಮುಂದುವರಿಯಬೇಕು.

೭. ಇರಿಸಿಕೊಳ್ಳಲೇಬೇಕಾದಾಗ

ತೆಗೆಯಲಾಗದ ಹಳೆಯ ತಂತ್ರಾಂಶಗಳೂ ಉಂಟು. ಲೆಕ್ಕ ಬರೆಯುವ ಹಳೆಯ ಸಾಧನವಿರಬಹುದು, ತಯಾರಕರು ಕೈಬಿಟ್ಟ ಸ್ಕ್ಯಾನರ್ ಇರಬಹುದು. ಆಗ ಮೂರು ಕಟ್ಟಳೆಗಳನ್ನು ಹಾಕಿಕೊಳ್ಳಬೇಕು. ಮೊದಲನೆಯದು, ಅದನ್ನು ಬೇರೆಯಿಡುವುದು: ಯಂತ್ರದೊಳಗಿನ ಯಂತ್ರದಲ್ಲಿ, ಎಂದರೆ ವರ್ಚುವಲ್ ಮಷೀನಿನಲ್ಲಿ, ಸಾಧ್ಯವಾದರೆ ಜಾಲದ ಸಂಪರ್ಕವಿಲ್ಲದೆ. ಎರಡನೆಯದು, ಏಕೆ ಇರಿಸಿದೆವು, ಯಾರಿಗಾಗಿ, ಯಾವ ದಿನ ಮರುಪರಿಶೀಲನೆ ಎಂದು ಬರೆದಿಡುವುದು. ‘ಆಪ್ಟ್-ಮಾರ್ಕ್ ಹೋಲ್ಡ್’ ಎಂದು ಒಂದನ್ನು ತಡೆಹಿಡಿದು ಮರೆತುಬಿಡುವವರೇ ಹೆಚ್ಚು. ಮೂರನೆಯದು, ಒಳಗಿರುವ ಸರಕನ್ನು ಹೊಸ ರೂಪಕ್ಕೆ ದಾಟಿಸುವ ಕೆಲಸವನ್ನು ಆ ದಿನವೇ ಆರಂಭಿಸುವುದು.

ಈ ಮೂರನೆಯದು ಹೊರನಾಡ ಕನ್ನಡಿಗರಾದ ನಮಗೆ ಬಹಳ ಹತ್ತಿರದ ವಿಷಯ. ಯೂನಿಕೋಡ್ ಸಾಮಾನ್ಯವಾಗುವ ಮುನ್ನ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳು, ನಡಾವಳಿಗಳು, ಸದಸ್ಯರ ಪಟ್ಟಿಗಳು ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಸಂಕೇತ ಪದ್ಧತಿಯಲ್ಲಿ ಬೆರಳಚ್ಚಾದವು. ಆಯಾ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡ ಕಾಣುವುದಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಇಲ್ಲಿ ಹಳೆಯ ಫಾಂಟೇ ಹೊಂದಾಣಿಕೆಯ ಪ್ಯಾಕೇಜು. ಯಂತ್ರವನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಅದನ್ನು ಅಳಿಸಿದರೆ ಇಪ್ಪತ್ತು ವರ್ಷದ ಬರಹಕ್ಕೆ ಬೀಗ ಬಿದ್ದಂತೆ. ಹಾಗೆಂದು ಆ ಫಾಂಟನ್ನೇ ನಂಬಿ ಕುಳಿತರೆ, ಅದು ತಿಳಿದ ಕೊನೆಯ ಯಂತ್ರ ಕೆಟ್ಟ ದಿನ ಅದೇ ಗತಿ. ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ. ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿನಿಂದ ತಿದ್ದಿ, ಮೂಲ ಪ್ರತಿಯನ್ನೂ ಫಾಂಟನ್ನೂ ಒಟ್ಟಿಗೆ ಭದ್ರಪಡಿಸಿ, ಆಮೇಲೆ ನಿತ್ಯದ ಯಂತ್ರದಿಂದ ಹಳೆಯ ಫಾಂಟನ್ನು ಬಿಡುವುದು ಸರಿಯಾದ ಕ್ರಮ. ಆ ಕಡತಗಳನ್ನು ಬೆರಳಚ್ಚು ಮಾಡಿದವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು; ಓದಲಾಗದ ಸಾಲನ್ನು ನೆನಪಿನಿಂದ ತುಂಬಬಲ್ಲವರು ಅವರು ಮಾತ್ರ.

೮. ಪ್ಯಾಕೇಜು ಕಟ್ಟುವವರಿಗೆ ಒಂದು ಮಾತು

ನಮ್ಮ ತರುಣರಲ್ಲಿ ಹಲವರು ಸ್ವತಃ ತಂತ್ರಾಂಶ ರಚಿಸುವವರು. ಹೆಸರನ್ನು ಬದಲಿಸುವಾಗ ಹಳೆಯ ಹೆಸರಿನವರಿಗೆ ದಾರಿ ತೋರಿಸಿ ಹೋಗುವುದು ಅವರ ಧರ್ಮ. ಡೆಬಿಯನ್ನಿನಲ್ಲಿ ಆವೃತ್ತಿಯನ್ನು ಹಾರಿ ಅಪ್‌ಗ್ರೇಡ್ ಮಾಡುವ ಪದ್ಧತಿಯಿಲ್ಲ. ಆದುದರಿಂದ ಸಂಕ್ರಮಣ ಪ್ಯಾಕೇಜು ಒಂದು ಪೂರ್ಣ ಆವೃತ್ತಿಯಲ್ಲಿ ಇದ್ದರೆ ಎಲ್ಲರೂ ದಾಟಿರುತ್ತಾರೆ. ಮುಂದಿನದರಲ್ಲಿ ಅದನ್ನು ತೆಗೆಯಬಹುದು. ಫೆಡೋರಾದಲ್ಲಿ ಒಂದನ್ನು ಹಾರಿ ಮುಂದಿನದಕ್ಕೆ ಹೋಗಲು ಅವಕಾಶವಿರುವುದರಿಂದ ಅಬ್ಸೊಲೀಟ್ಸ್ ಸಾಲು ಇನ್ನೂ ಹೆಚ್ಚು ಕಾಲ ಉಳಿಯಬೇಕಾಗುತ್ತದೆ. ಸೇತುವೆಯನ್ನು ಎಷ್ಟು ಕಾಲ ಇಡಬೇಕೆಂಬುದನ್ನು ದಾಟುವವರ ನಡಿಗೆಯೇ ನಿರ್ಣಯಿಸುತ್ತದೆ, ಕಟ್ಟಿದವರ ಆತುರವಲ್ಲ.

ಸಾರಾಂಶ

ಅನಾಥವಾದುದನ್ನು ಪಟ್ಟಿ ಓದಿ ಗುಡಿಸಬಹುದು. ಬಳಕೆ ತಪ್ಪಿದುದನ್ನು ವಿಚಾರಿಸಿ ತೆಗೆಯಬೇಕು. ಸಂಕ್ರಮಣದ್ದನ್ನು, ಗುರುತು ದಾಟಿಸಿದ ಮೇಲೆ, ನಿಶ್ಚಿಂತೆಯಿಂದ ಬಿಡಬಹುದು. ಹೊಂದಾಣಿಕೆಯದನ್ನು ಹೊಣೆ ಹೊತ್ತವರಿಂದ ಪಡೆದು, ಅವಧಿ ಹಾಕಿ, ಅಷ್ಟರೊಳಗೆ ಅದು ಬೇಡವಾಗುವಂತೆ ಕೆಲಸ ಮಾಡಬೇಕು.

ಅಭ್ಯಾಸ

೧. ಅನಾಥ ಪ್ಯಾಕೇಜಿಗೂ ಬಳಕೆ ತಪ್ಪಿದ ಪ್ಯಾಕೇಜಿಗೂ ಇರುವ ವ್ಯತ್ಯಾಸವೇನು?

೨. ಸಂಕ್ರಮಣ ಪ್ಯಾಕೇಜನ್ನು ತೆಗೆಯುವ ಮುನ್ನ ನಿಜವಾದ ಪ್ಯಾಕೇಜಿಗೆ ಮ್ಯಾನುಯಲ್ ಗುರುತನ್ನು ಏಕೆ ಹಾಕಬೇಕು?

೩. ಕೈಯಾರೆ ಇಳಿಸಿ ಹಾಕಿದ ಹಳೆಯ ಲೈಬ್ರರಿಗೆ ದುರಸ್ತಿ ಏಕೆ ತಲುಪುವುದಿಲ್ಲ?

೪. ನಿಮ್ಮ ಯಂತ್ರದಲ್ಲಿ ಬಳಕೆ ತಪ್ಪಿದವುಗಳ ಪಟ್ಟಿಯನ್ನು ತೆಗೆದು, ಮೊದಲ ಐದು ಹೆಸರುಗಳ ಮುಂದೆ ಮೂರು ಪ್ರಶ್ನೆಗಳ ಉತ್ತರವನ್ನು ಬರೆಯಿರಿ. ಏನನ್ನೂ ತೆಗೆಯಬೇಡಿರಿ.